ಕಡಲಿಗೆ ಚೆಲ್ಲಿದ ಎಣ್ಣೆಯೂ ಪ್ಲವಕಗಳ ಬಾಳೂ

ಎಣ್ಣೆ ತುಂಬಿದ ಹಡಗು ಬಂಡೆಗೆ ಬಡಿದು ಒಡೆಯಿತೆಂಬ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ನಾವು ನೋಡುವ ಚಿತ್ರಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದು, ಕಪ್ಪು ಜಿಡ್ಡು ಮೆತ್ತಿದ ಮರಳದಂಡೆ. ಇನ್ನೊಂದು, ರೆಕ್ಕೆ ಬಿಚ್ಚಲಾರದೆ ಒದ್ದಾಡುವ ಕಡಲಹಕ್ಕಿ. ಇವನ್ನು ಕಂಡು ಮರುಗದವರು ಯಾರು? ಆದರೆ ಅದೇ ನೀರಿನಲ್ಲಿ, ಯಾವ ಚಿತ್ರದಲ್ಲಿಯೂ ಕಾಣಿಸಿಕೊಳ್ಳದ, ಬಹುಪಾಲು ಬರಿಗಣ್ಣಿಗೆ ಗೋಚರವೇ ಆಗದ ಜೀವರಾಶಿಯೊಂದು ಉಂಟು. ಕಡಲಿನ ಬಾಳೆಲ್ಲವೂ ಅದರ ಮೇಲೆ ನಿಂತಿದೆ. ಅದಕ್ಕೆ ಪ್ಲವಕವೆಂದು ಹೆಸರು. ಚೆಲ್ಲಿದ ಎಣ್ಣೆಯಿಂದಲೂ, ಆ ಎಣ್ಣೆಯನ್ನು ತೊಳೆಯಲೆಂದು ಮನುಷ್ಯನು ಸುರಿಯುವ ರಾಸಾಯನಿಕ ದ್ರವ್ಯಗಳಿಂದಲೂ ಈ ಪ್ಲವಕಗಳಿಗೆ ಒದಗುವ ಗತಿ ಏನೆಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ವಿಚಾರಮಾಡೋಣ.

ಕಲಾಶಾಲೆಯ ವಿದ್ಯಾರ್ಥಿಗಳಿಗೆ ಈ ವಿಷಯವೇಕೆ ಎಂದು ಕೆಲವರು ಕೇಳಬಹುದು. ಇಲ್ಲಿರುವ ಪ್ರಶ್ನೆ ಜೀವಶಾಸ್ತ್ರಕ್ಕೆ ಮಾತ್ರ ಸೇರಿದುದಲ್ಲ. ಕಣ್ಣಿಗೆ ಕಾಣುವ ದಂಡೆಯನ್ನು ಉಳಿಸಬೇಕೋ, ಕಾಣದ ನೀರೊಡಲನ್ನು ಉಳಿಸಬೇಕೋ ಎಂಬ ನಿರ್ಧಾರವನ್ನು ಕೆಲವೇ ಗಂಟೆಗಳೊಳಗೆ ಆಡಳಿತದವರು ತೆಗೆದುಕೊಳ್ಳಬೇಕಾಗುತ್ತದೆ. ಅದರ ಫಲವನ್ನು ಉಣ್ಣುವವರು ಮೀನುಗಾರರು. ಆದುದರಿಂದ ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಓದುವವರೂ ಇದನ್ನು ಅರಿತಿರುವುದು ಒಳ್ಳೆಯದು.

ಪ್ಲವಕವೆಂದರೇನು?

ಪ್ಲವವೆಂದರೆ ತೇಲುವಿಕೆ. ನೀರಿನ ಸೆಳೆತಕ್ಕೆ ಎದುರಾಗಿ ಈಜಲಾರದೆ, ಅದು ಒಯ್ದತ್ತ ಸಾಗುವ ಜೀವಿಗಳೆಲ್ಲವೂ ಪ್ಲವಕಗಳೇ. ೧೮೮೭ರಲ್ಲಿ ಜರ್ಮನಿಯ ವಿಕ್ಟರ್ ಹೆನ್ಸೆನ್ ಎಂಬ ವಿಜ್ಞಾನಿಯು, ಅಲೆಯುವುದು ಎಂಬರ್ಥದ ಗ್ರೀಕ್ ಪದದಿಂದ ‘ಪ್ಲ್ಯಾಂಕ್ಟನ್’ ಎಂಬ ಹೆಸರನ್ನು ಬಳಕೆಗೆ ತಂದನು. ಇವುಗಳಲ್ಲಿ ಮುಖ್ಯವಾಗಿ ಎರಡು ಪಂಗಡಗಳು. ಸೂರ್ಯನ ಬೆಳಕಿನಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುವಂಥವು ಸಸ್ಯಪ್ಲವಕಗಳು. ಗಾಜಿನಂಥ ಸಿಲಿಕದ ಡಬ್ಬಿಯೊಳಗೆ, ಮುಚ್ಚಳ ಮುಚ್ಚಿಕೊಂಡು ಕುಳಿತಂತಿರುವ ಡಯಾಟಮ್‌ಗಳು ಈ ಪಂಗಡಕ್ಕೆ ಸೇರಿದವು. ಇವನ್ನು ತಿಂದು ಬದುಕುವಂಥವು ಪ್ರಾಣಿಪ್ಲವಕಗಳು. ಇವುಗಳಲ್ಲಿ ಬಹು ಮುಖ್ಯವಾದುದು ಕೋಪೆಪಾಡ್, ಸೀಗಡಿಯ ದೂರದ ನೆಂಟ. ಹೆಸರಿನ ಅರ್ಥ ‘ಹುಟ್ಟುಗಾಲಿನದು’ ಎಂದು. ದೋಣಿಯ ಹುಟ್ಟಿನಂತೆ ಕಾಲನ್ನು ಬೀಸಿ ನೀರಿನಲ್ಲಿ ಜಿಗಿಯುತ್ತದೆ.

ಇವಲ್ಲದೆ, ಜೀವಮಾನದ ಒಂದು ಭಾಗವನ್ನು ಮಾತ್ರ ಪ್ಲವಕವಾಗಿ ಕಳೆಯುವ ಅತಿಥಿಗಳೂ ಉಂಟು. ಬಹುಪಾಲು ಕಡಲಮೀನುಗಳ ಮೊಟ್ಟೆಮರಿಗಳು, ಏಡಿ, ಸೀಗಡಿ, ಚಿಪ್ಪುಜೀವಿಗಳ ಮರಿಗಳು ಹೀಗೆ ಕೆಲವು ದಿನಗಳೋ ವಾರಗಳೋ ತೇಲಾಡಿ, ಆಮೇಲೆ ತಮ್ಮ ನೆಲೆ ಸೇರುತ್ತವೆ.

ಇಷ್ಟು ಚಿಕ್ಕವೆಂದು ಇವನ್ನು ಅಲ್ಪವೆಂದೆಣಿಸಲಾಗದು. ಭೂಮಿಯ ಮೇಲೆ ಬೆಳಕಿನ ಬಲದಿಂದ ನಡೆಯುವ ಆಹಾರೋತ್ಪಾದನೆಯಲ್ಲಿ ಸುಮಾರು ಅರ್ಧಪಾಲು ಸಮುದ್ರದ ಸಸ್ಯಪ್ಲವಕಗಳದು. ನಮ್ಮ ಕಾಡು, ಗದ್ದೆ, ಹುಲ್ಲುಗಾವಲುಗಳೆಲ್ಲ ಸೇರಿ ಮಾಡುವಷ್ಟು ಕೆಲಸವನ್ನು ಈ ಕಾಣದ ಹೊಲ ಮಾಡುತ್ತದೆ.

ಎಣ್ಣೆ ನೀರಿಗೆ ಬಿದ್ದ ಮೇಲೆ

ಕಚ್ಚಾ ಎಣ್ಣೆಯೆಂಬುದು ಒಂದೇ ವಸ್ತುವಲ್ಲ. ಸಾವಿರಾರು ಬಗೆಯ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದು ನೀರಿನ ಮೇಲೆ ಹರಡಿದೊಡನೆ ಬೆನ್ಜೀನ್, ಟಾಲ್ವೀನ್ ಮೊದಲಾದ ಹಗುರವಾದ ಅಂಶಗಳು ಒಂದೆರಡು ದಿನಗಳಲ್ಲಿ ಬಹುಮಟ್ಟಿಗೆ ಆವಿಯಾಗಿ ಹೋಗುತ್ತವೆ. ಭಾರವಾದ ಅಂಶಗಳು ಡಾಂಬರಿನ ಉಂಡೆಗಳಾಗಿ ಕಾಲಾಂತರದಲ್ಲಿ ದಡಕ್ಕೆ ಬರುತ್ತವೆ. ನಡುವಣ ಕೆಲವು ಅಂಶಗಳು, ಅದರಲ್ಲೂ ನುಸಿಗುಳಿಗೆಗೆ ಒದಗುತ್ತಿದ್ದ ನ್ಯಾಫ್ತಲೀನ್ ಮತ್ತು ಅದರ ಬಳಗದ ದ್ರವ್ಯಗಳು, ಅಲ್ಪ ಪ್ರಮಾಣದಲ್ಲಿ ನೀರಿನಲ್ಲಿ ಕರಗಿ ಉಳಿಯುತ್ತವೆ. ಪ್ಲವಕಗಳಿಗೆ ವಿಶೇಷವಾಗಿ ಕೇಡು ತರುವಂಥವು ಇವೇ. ಜೀವಕೋಶದ ಹೊರಪೊರೆಯು ಜಿಡ್ಡಿನಂಶದಿಂದಾದುದು. ಎಣ್ಣೆಯ ಈ ಅಂಶಗಳಿಗೆ ನೀರಿಗಿಂತ ಜಿಡ್ಡಿನ ಸಹವಾಸವೇ ಪ್ರಿಯ. ಆದಕಾರಣ ನೀರನ್ನು ಬಿಟ್ಟು ಜೀವಿಯ ಮೈಯನ್ನು ಸೇರುತ್ತವೆ.

ಹಾಗಿದ್ದರೂ ಒಂದು ಮಾತನ್ನು ಗಮನಿಸಬೇಕು. ನೀರಿನ ಮೇಲೆ ಹಾಳೆಯಂತೆ ಹರಡಿದ ಎಣ್ಣೆಯಿಂದ ಹಕ್ಕಿಗೂ ದಂಡೆಗೂ ಅಪಾಯ ಹೆಚ್ಚು. ಕೆಲವು ಮೊಳ ಕೆಳಗೆ ತೇಲುವ ಪ್ಲವಕಕ್ಕೆ ಅದು ಅಷ್ಟಾಗಿ ತಾಗುವುದಿಲ್ಲ. ಎಣ್ಣೆಯು ಒಡೆದು ಹನಿಹನಿಯಾಗಿ ನೀರೊಳಗೆ ಇಳಿದಾಗಲೇ ಪ್ಲವಕದ ಕಷ್ಟ ಆರಂಭವಾಗುತ್ತದೆ. ಮನುಷ್ಯನು ಸುರಿಯುವ ದ್ರವ್ಯವು ಮಾಡುವ ಕೆಲಸವೂ ಇದೇ ಆಗಿದೆ.

ಸೀಗೆಯ ಉಪಮೆ

ಈ ದ್ರವ್ಯಗಳಿಗೆ ಪ್ರಸರಣಕಾರಿಗಳೆಂದು ಹೆಸರು. ಇವು ಕೆಲಸ ಮಾಡುವ ರೀತಿಯನ್ನು ತಿಳಿಯಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ದೀಪಾವಳಿಯ ಅಭ್ಯಂಜನವನ್ನು ನೆನೆಯೋಣ. ತಲೆಗೆ ಹಚ್ಚಿದ ಎಣ್ಣೆ ಬರಿಯ ನೀರಿಗೆ ಹೋಗದು. ಸೀಗೆಪುಡಿ ಹಾಕಿ ತಿಕ್ಕಿದರೆ ಹೋಗುತ್ತದೆ. ಸೀಗೆಯಲ್ಲಿರುವ ಕಣಗಳ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಎಣ್ಣೆ ನುಣ್ಣನೆಯ ಹನಿಗಳಾಗಿ ಒಡೆದು ನೀರಿನೊಡನೆ ಹೊರಟುಹೋಗುತ್ತದೆ. ಆದರೆ ಹೋದದ್ದಾದರೂ ಎಲ್ಲಿಗೆ? ತಲೆಯಿಂದ ಹೋಯಿತು, ಬಚ್ಚಲಿಗೆ ಸೇರಿತು. ಎಣ್ಣೆ ನಾಶವಾಗಲಿಲ್ಲ; ಸ್ಥಳ ಬದಲಾಯಿಸಿತು. ಕಡಲಿನಲ್ಲಿ ಪ್ರಸರಣಕಾರಿ ಸುರಿದಾಗಲೂ ನಡೆಯುವುದು ಇಷ್ಟೇ. ಕಡಲಿಗೆ ಬೇರೆ ಬಚ್ಚಲಿಲ್ಲವೆಂಬುದೊಂದೇ ವ್ಯತ್ಯಾಸ.

ಇದರಿಂದ ಪ್ರಯೋಜನವೇ ಇಲ್ಲವೆನ್ನಲಾಗದು. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಒಂದು ಸೆಂಟಿಮೀಟರ್ ವ್ಯಾಸದ ಒಂದು ಎಣ್ಣೆಹನಿಯನ್ನು ಮಿಲಿಮೀಟರಿನ ನೂರರಲ್ಲೊಂದು ಪಾಲು ವ್ಯಾಸದ ಹನಿಗಳಾಗಿ ಒಡೆದರೆ ನೂರು ಕೋಟಿ ಹನಿಗಳಾಗುತ್ತವೆ. ಒಟ್ಟು ಮೇಲ್ಮೈ ಸಾವಿರ ಪಟ್ಟು ಹೆಚ್ಚುತ್ತದೆ. ಎಣ್ಣೆಯನ್ನು ತಿಂದು ಜೀರ್ಣಿಸಿಕೊಳ್ಳಬಲ್ಲ ಬ್ಯಾಕ್ಟೀರಿಯಗಳು ಕಡಲಿನಲ್ಲಿ ಸಹಜವಾಗಿಯೇ ಇವೆ. ಮೇಲ್ಮೈ ಹೆಚ್ಚಿದಷ್ಟೂ ಅವಕ್ಕೆ ಬಾಯಿ ಹಾಕಲು ಹೆಚ್ಚು ಎಡೆ ದೊರೆಯುತ್ತದೆ ಎಂಬುದು ಪ್ರಸರಣಕಾರಿಗಳ ಪರವಾದ ವಾದ. ಇದರಲ್ಲಿ ತಥ್ಯವಿದೆ. ಆದರೆ ಅದೇ ಸಾವಿರ ಪಟ್ಟು ಮೇಲ್ಮೈಯಿಂದ ವಿಷದಂಶಗಳು ನೀರಿಗೆ ಕರಗುವ ವೇಗವೂ ಹೆಚ್ಚುತ್ತದೆ. ಅಲ್ಲದೆ ಈ ಹನಿಗಳ ಗಾತ್ರ, ಕೋಪೆಪಾಡ್‌ಗಳು ತಿನ್ನುವ ಡಯಾಟಮ್‌ಗಳ ಗಾತ್ರಕ್ಕೆ ಹೆಚ್ಚುಕಡಮೆ ಸರಿಹೊಂದುತ್ತದೆ. ಹಸಿದ ಪ್ರಾಣಿಗೆ ಅನ್ನದ ಅಗುಳಿನ ಅಳತೆಯಲ್ಲಿಯೇ ವಿಷವನ್ನು ಬಡಿಸಿದಂತಾಯಿತು.

ಟಾರಿ ಕ್ಯಾನಿಯನ್ ಕಲಿಸಿದ ಪಾಠ

೧೯೬೭ನೆಯ ಮಾರ್ಚಿ ೧೮ರಂದು ಟಾರಿ ಕ್ಯಾನಿಯನ್ ಎಂಬ ಭಾರಿ ಹಡಗು ಇಂಗ್ಲೆಂಡಿನ ನೈರುತ್ಯ ಮೂಲೆಯ ಕಾರ್ನ್‌ವಾಲ್ ಮತ್ತು ಸಿಲ್ಲಿ ದ್ವೀಪಗಳ ನಡುವೆ ಸೆವೆನ್ ಸ್ಟೋನ್ಸ್ ಎಂಬ ಬಂಡೆಸಾಲಿಗೆ ಬಡಿದು ನಿಂತಿತು. ಅದರಲ್ಲಿದ್ದುದು ಕುವೈತಿನಿಂದ ತಂದ, ಒಂದು ಲಕ್ಷ ಟನ್ನಿಗೂ ಮೀರಿದ ಕಚ್ಚಾ ಎಣ್ಣೆ. ಅಷ್ಟು ದೊಡ್ಡ ಅನಾಹುತವನ್ನು ಜಗತ್ತು ಅದುವರೆಗೆ ಕಂಡಿರಲಿಲ್ಲ. ಉಳಿದ ಎಣ್ಣೆಯನ್ನು ಸುಡಲೆಂದು ಬ್ರಿಟಿಷ್ ಸರ್ಕಾರವು ವಿಮಾನಗಳಿಂದ ಹಡಗಿನ ಮೇಲೆ ಬಾಂಬುಗಳನ್ನೂ ಹಾಕಿಸಿತು. ಕಡಲಿನಲ್ಲಿಯೂ ದಂಡೆಯಲ್ಲಿಯೂ ಸುಮಾರು ೧೦,೦೦೦ ಟನ್ ಮಾರ್ಜಕ ದ್ರವ್ಯವನ್ನು ಸುರಿಸಿತು. ಪ್ರವಾಸಿಗಳು ಬರುವ ಬೇಸಿಗೆಯೊಳಗಾಗಿ ದಂಡೆಗಳು ಶುಭ್ರವಾಗಬೇಕೆಂಬುದು ಆಗಿನ ಆತುರ.

ಪ್ಲಿಮತ್ ನಗರದ ಸಾಗರಜೀವಶಾಸ್ತ್ರ ಸಂಘದ ಪ್ರಯೋಗಶಾಲೆಯವರು ತಮ್ಮ ಉಳಿದ ಕೆಲಸಗಳನ್ನು ಬದಿಗಿರಿಸಿ ಇದರ ಪರಿಣಾಮವನ್ನು ಪರೀಕ್ಷಿಸಿದರು. ಅವರ ವರದಿ ೧೯೬೮ರಲ್ಲಿ ಪುಸ್ತಕವಾಗಿ ಹೊರಬಂದಿತು. ಅದರ ಮುಖ್ಯ ತೀರ್ಮಾನ ಎಲ್ಲರನ್ನೂ ಬೆರಗುಗೊಳಿಸುವಂಥದು: ದಂಡೆಯ ಜೀವಿಗಳನ್ನು ಹೆಚ್ಚಾಗಿ ಕೊಂದುದು ಎಣ್ಣೆಯಲ್ಲ, ಮಾರ್ಜಕ! ಆಗಿನ ಮಾರ್ಜಕಗಳಲ್ಲಿ ಬೆರೆಸಿದ್ದ ದ್ರಾವಕವೇ ಘೋರ ವಿಷವಾಗಿತ್ತು. ನೀರಿನೊಳಗೆ, ಮಾರ್ಜಕ ಸಿಂಪಡಿಸಿದ ಭಾಗಗಳಲ್ಲಿ, ಕೆಲವು ಸೂಕ್ಷ್ಮವಾದ ಹಸಿರು ಸಸ್ಯಪ್ಲವಕಗಳೂ ಪಿಲ್ಚರ್ಡ್ ಮೀನಿನ ತೇಲುವ ಮೊಟ್ಟೆಗಳೂ ಸತ್ತಿದ್ದುದು ಕಂಡುಬಂದಿತು. ಬಂಡೆಗಳ ಮೇಲೆ ಪಾಚಿಯನ್ನು ಮೇಯುತ್ತಿದ್ದ ಲಿಂಪೆಟ್ ಎಂಬ ಚಿಪ್ಪುಜೀವಿಗಳು ಅಳಿದುದರಿಂದ, ಮೇಯುವವರಿಲ್ಲದೆ ಬಂಡೆಗಳೆಲ್ಲ ಹಸಿರು ಪಾಚಿಯಿಂದ ಮುಚ್ಚಿಹೋದುವು. ಹೊಸ ಲಿಂಪೆಟ್‌ಗಳು ಬರಬೇಕಾದರೆ ಬೇರೆ ಕಡೆಯಿಂದ ಅವುಗಳ ಮರಿಗಳು ಪ್ಲವಕವಾಗಿ ತೇಲಿಬಂದು ನೆಲೆಗೊಳ್ಳಬೇಕಷ್ಟೆ.

ಇನ್ನೊಂದು ಸಂಗತಿ ಇದಕ್ಕಿಂತಲೂ ಬೋಧಪ್ರದವಾದುದು. ಗಾಡ್ರೆವಿ ಎಂಬಲ್ಲಿ ಕಡಲನಾಯಿಗಳಿಗೆ ತೊಂದರೆಯಾದೀತೆಂದು ಮಾರ್ಜಕವನ್ನು ಬಳಸಲಿಲ್ಲ. ಅಲ್ಲಿಯ ಬಂಡೆಯ ಬದುಕು ಎರಡು ಮೂರು ವರ್ಷಗಳಲ್ಲಿ ಮೊದಲಿನಂತಾಯಿತು. ಮಾರ್ಜಕವನ್ನು ಧಾರಾಳವಾಗಿ ಸುರಿದ ದಂಡೆಗಳು ಚೇತರಿಸಿಕೊಳ್ಳಲು ಹತ್ತು ವರ್ಷ, ಕೆಲವೆಡೆ ಇನ್ನೂ ಹೆಚ್ಚು ಕಾಲ ಹಿಡಿಯಿತು. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚಿದ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ತಿನ್ನುವವರೂ ತಿನಿಸೂ

ಟಾರಿ ಕ್ಯಾನಿಯನ್ ಪ್ರಕರಣದ ಬಳಿಕ ಪ್ಲವಕಗಳ ವಿಷಯದಲ್ಲಿ ವಿಜ್ಞಾನಿಗಳು ಹೆಚ್ಚು ಗಮನವಿಟ್ಟರು. ೧೯೭೦ರ ಫೆಬ್ರವರಿಯಲ್ಲಿ ಕೆನಡಾದ ನೋವಾ ಸ್ಕೋಷಿಯ ಪ್ರಾಂತದ ಚೆಡಬಕ್ಟೊ ಕೊಲ್ಲಿಯಲ್ಲಿ ಆ್ಯರೋ ಎಂಬ ಹಡಗು ಒಡೆದು ಭಾರವಾದ ಉರುವಲೆಣ್ಣೆ ಚೆಲ್ಲಿತು. ಅಲ್ಲಿಯ ಕೋಪೆಪಾಡ್‌ಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅವುಗಳ ಕರುಳಿನಲ್ಲಿ ಎಣ್ಣೆಯ ಹನಿಗಳು ಕಂಡುವು. ಅವುಗಳ ಹಿಕ್ಕೆಯಲ್ಲಿಯೂ ಎಣ್ಣೆಯಿತ್ತು. ಹಿಕ್ಕೆ ನೀರಿಗಿಂತ ಭಾರ. ಅದು ತಳಕ್ಕೆ ಇಳಿಯುತ್ತದೆ. ಹೀಗೆ ಈ ಪುಟ್ಟ ಪ್ರಾಣಿಗಳು ಮೇಲಿನ ಎಣ್ಣೆಯನ್ನು ತಳಕ್ಕೆ ಸಾಗಿಸುವ ಕೂಲಿಗಳಾದುವು. ಮೇಲಣ ನೀರಿಗೆ ಇದು ಉಪಕಾರವಾದರೂ ತಳದಲ್ಲಿ ವಾಸಿಸುವ ಜೀವಿಗಳಿಗೆ ಅಪಕಾರವೇ ಸರಿ.

೧೯೭೭ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ಬಳಿಯ ದ್ವೀಪಸಮೂಹದಲ್ಲಿ ತ್ಸೇಸಿಸ್ ಎಂಬ ಸೋವಿಯತ್ ಹಡಗು ನೆಲಕಚ್ಚಿ ಸಾವಿರ ಟನ್ನಿಗೂ ಹೆಚ್ಚು ಎಣ್ಣೆ ಚೆಲ್ಲಿತು. ಅಲ್ಲಿ ಮೊದಲ ಕೆಲವು ದಿನ ಹಡಗಿನ ಸಮೀಪದ ಪ್ರಾಣಿಪ್ಲವಕಗಳು ತೀರ ಕಡಮೆಯಾದುವು. ಆದರೆ ಸಸ್ಯಪ್ಲವಕಗಳು ಹೆಚ್ಚಿದುವು! ಎಣ್ಣೆ ಅವಕ್ಕೆ ಗೊಬ್ಬರವಾಯಿತೆಂದು ಅವಸರದಿಂದ ತಿಳಿಯಬಾರದು. ಮೇಯುವ ದನಗಳಿಲ್ಲದ ಊರಿನಲ್ಲಿ ಹುಲ್ಲು ಸೊಂಪಾಗಿ ಬೆಳೆದರೆ ಅದನ್ನು ಸುಭಿಕ್ಷವೆನ್ನಬಹುದೆ? ತಿನ್ನುವವರು ತಗ್ಗಿದುದರಿಂದ ತಿನಿಸು ಉಳಿಯಿತೆಂಬುದೇ ಸರಿಯಾದ ವಿವರಣೆಯೆಂದು ವಿಜ್ಞಾನಿಗಳು ಕಂಡರು. ಸುಮಾರು ಐದು ದಿನಗಳಲ್ಲಿ, ಸುತ್ತಣ ನೀರು ಹರಿದುಬಂದು ಪ್ರಾಣಿಪ್ಲವಕಗಳು ಮತ್ತೆ ತುಂಬಿಕೊಂಡವು.

ಇದರಿಂದ ತಿಳಿಯುವುದೇನೆಂದರೆ, ಪ್ಲವಕಗಳಿಗೆ ಚೇತರಿಸಿಕೊಳ್ಳುವ ಶಕ್ತಿ ಅಪಾರ. ಡಯಾಟಮ್ ಅನುಕೂಲವಿದ್ದರೆ ಒಂದು ದಿನದಲ್ಲಿ ಇಮ್ಮಡಿಯಾಗಬಲ್ಲುದು. ಆದರೆ ವರ್ಷಕ್ಕೊಂದೇ ಋತುವಿನಲ್ಲಿ ಮೊಟ್ಟೆಯಿಡುವ ಮೀನಿಗೆ ಈ ಸೌಲಭ್ಯವಿಲ್ಲ. ಆ ಋತುವಿನಲ್ಲಿ, ಆ ನೀರಿನಲ್ಲಿ ಮರಿಗಳು ಅಳಿದರೆ ಆ ವರ್ಷದ ಪೀಳಿಗೆಗೆ ಆದ ನಷ್ಟವನ್ನು ಮುಂದಿನ ವರ್ಷದವರೆಗೆ ತುಂಬುವಂತಿಲ್ಲ.

ಕೊಲ್ಲದೆಯೂ ಎಣ್ಣೆ ಕೆಡಿಸಬಲ್ಲುದು. ೧೯೭೦ರ ದಶಕದಲ್ಲಿ ಕೆನಡಾದ ಪಶ್ಚಿಮ ತೀರದ ಸಾನಿಚ್ ಕೊಲ್ಲಿಯಲ್ಲಿ ಕಡಲನೀರನ್ನು ಅದರ ಪ್ಲವಕಗಳ ಸಮೇತ ದೊಡ್ಡ ದೊಡ್ಡ ಪ್ಲಾಸ್ಟಿಕ್ ಚೀಲಗಳಲ್ಲಿ ಹಿಡಿದಿಟ್ಟು, ಅತ್ಯಲ್ಪ ಪ್ರಮಾಣದ ಎಣ್ಣೆಯಂಶವನ್ನು ಬೆರೆಸಿ ನೋಡಿದರು. ಸಸ್ಯಪ್ಲವಕಗಳ ಜಾತಿ ಬದಲಾಯಿತು: ದೊಡ್ಡ ಡಯಾಟಮ್‌ಗಳು ಕುಗ್ಗಿ, ಬಾಲದಂಥ ಎಳೆಯನ್ನು ಬೀಸಿ ಈಜುವ ಅತಿ ಸಣ್ಣ ಜಾತಿಗಳು ಹೆಚ್ಚಿದುವು. ಹಸಿರು ಹಸಿರೇ ತಾನೆ, ಬದಲಾದರೇನು ಎನ್ನುವವರು ಈ ಲೆಕ್ಕವನ್ನು ನೋಡಬೇಕು. ಆಹಾರವು ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಏರುವಾಗ ಸ್ಥೂಲವಾಗಿ ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಸಾವಿರ ಕಿಲೋ ಡಯಾಟಮ್‌ನಿಂದ ನೂರು ಕಿಲೋ ಕೋಪೆಪಾಡ್, ಅದರಿಂದ ಹತ್ತು ಕಿಲೋ ಮೀನು. ಸಸ್ಯಪ್ಲವಕವು ಕೋಪೆಪಾಡ್‌ಗೆ ನೇರವಾಗಿ ಹಿಡಿಯಲಾರದಷ್ಟು ಚಿಕ್ಕದಾದರೆ ನಡುವೆ ಇನ್ನೊಂದು ಜೀವಿ ಬರಬೇಕು. ಮೆಟ್ಟಿಲು ಒಂದು ಹೆಚ್ಚಿತು. ಕೊನೆಗೆ ದೊರೆಯುವುದು ಒಂದೇ ಕಿಲೋ ಮೀನು! ನೀರು ಹಸಿರಾಗಿಯೇ ಇರುತ್ತದೆ; ಬಲೆ ಮಾತ್ರ ಹಗುರವಾಗುತ್ತದೆ.

ಇದಕ್ಕೆ ಬಿಸಿಲೂ ಕೂಡಿಕೊಳ್ಳುತ್ತದೆ. ನ್ಯಾಫ್ತಲೀನ್ ಬಳಗದ ಕೆಲವು ದ್ರವ್ಯಗಳು ನೇರಳಾತೀತ ಕಿರಣ ತಾಗಿದಾಗ ಇನ್ನಷ್ಟು ವಿಷವಾಗುತ್ತವೆ. ಪ್ರಾಣಿಪ್ಲವಕಗಳಲ್ಲಿ ಅನೇಕವು ಗಾಜಿನಂತೆ ಪಾರದರ್ಶಕ. ಶತ್ರುವಿನ ಕಣ್ಣು ತಪ್ಪಿಸಲು ನೆರವಾಗುವ ಆ ಗುಣವೇ ಆಗ ಅವಕ್ಕೆ ಮುಳುವಾಗುತ್ತದೆ.

ಮೆಕ್ಸಿಕೋ ಕೊಲ್ಲಿಯ ದೊಡ್ಡ ಪ್ರಯೋಗ

೨೦೧೦ರ ಏಪ್ರಿಲ್ ೨೦ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆಬಾವಿಯ ಅಟ್ಟಣೆ ಸ್ಫೋಟಗೊಂಡು ೧೧ ಮಂದಿ ಕೆಲಸಗಾರರು ಮಡಿದರು. ಸುಮಾರು ೧,೫೦೦ ಮೀಟರ್ ಆಳದ ಕಡಲತಳದಿಂದ ಎಣ್ಣೆ ೮೭ ದಿನ ಉಕ್ಕಿತು. ಆಗ ಬಳಸಿದ ಕೊರೆಕ್ಸಿಟ್ ಎಂಬ ಪ್ರಸರಣಕಾರಿ ಸುಮಾರು ೭೦ ಲಕ್ಷ ಲೀಟರ್. ಅದರಲ್ಲಿ ೨೯ ಲಕ್ಷ ಲೀಟರಿನಷ್ಟನ್ನು ಬಾವಿಯ ಬಾಯಿಯಲ್ಲಿಯೇ, ಕಡಲತಳದಲ್ಲಿ ಸೇರಿಸಿದರು. ಹೀಗೆ ಆಳದಲ್ಲಿ ಬಳಸಿದುದು ಅದೇ ಮೊದಲು.

ಆಧುನಿಕ ಪ್ರಸರಣಕಾರಿಗಳು ೧೯೬೭ರ ಮಾರ್ಜಕಗಳಷ್ಟು ವಿಷವಲ್ಲವೆಂಬುದು ನಿಜ. ಆದರೆ ೨೦೧೩ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮೆಕ್ಸಿಕೋ ಮತ್ತು ಅಮೆರಿಕದ ವಿಜ್ಞಾನಿಗಳು ರೋಟಿಫರ್ ಎಂಬ ಪ್ರಾಣಿಪ್ಲವಕದ ಮೇಲೆ ಎಣ್ಣೆಯನ್ನೂ ಕೊರೆಕ್ಸಿಟನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರು. ಎರಡೂ ಹೆಚ್ಚುಕಡಮೆ ಸಮಾನವಾದ ವಿಷವೆಂದು ಕಂಡಿತು. ಎರಡನ್ನೂ ಬೆರೆಸಿದಾಗ ವಿಷತ್ವ ೫೨ ಪಟ್ಟಿನವರೆಗೆ ಏರಿತು. ಇದು ಪ್ರಯೋಗಶಾಲೆಯ ಪಾತ್ರೆಯ ಮಾತು. ತೆರೆದ ಕಡಲಿನಲ್ಲಿ ಅಲೆಯೂ ಒಳಹರಿವೂ ಎಲ್ಲವನ್ನೂ ತೆಳುವಾಗಿಸುತ್ತವೆ ಎಂಬುದನ್ನೂ ಹೇಳಬೇಕಾದುದು ನ್ಯಾಯ. ಪ್ರಸರಣಕಾರಿಯಿಂದ ಎಣ್ಣೆತಿನ್ನುವ ಬ್ಯಾಕ್ಟೀರಿಯಗಳಿಗೆ ನಿಜವಾಗಿ ನೆರವಾಯಿತೇ ಎಂಬ ವಿಷಯದಲ್ಲಿಯೂ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ.

ಒಂದು ಸಂಗತಿ ಮಾತ್ರ ಸ್ಪಷ್ಟವಾಯಿತು. ಸಸ್ಯಪ್ಲವಕಗಳೂ ಬ್ಯಾಕ್ಟೀರಿಯಗಳೂ ಸ್ರವಿಸಿದ ಲೋಳೆಯಲ್ಲಿ ಎಣ್ಣೆಯ ಹನಿಗಳು ಸಿಕ್ಕಿಕೊಂಡು, ಹಿಂಜಿದ ಅರಳೆಯಂಥ ಚೂರುಗಳಾಗಿ ತಳಕ್ಕೆ ಸುರಿದುವು. ಎಣ್ಣೆಯ ಇಂಗಾಲವು ಪ್ರಾಣಿಪ್ಲವಕಗಳ ಮೈ ಸೇರಿದುದನ್ನೂ ಸಂಶೋಧಕರು ಗುರುತಿಸಿದರು. ಮೇಲಿನಿಂದ ನೋಡುವವರಿಗೆ ಎಣ್ಣೆ ಮಾಯವಾಗಿತ್ತು. ಒಂದು ಪಾಲು ತಳಕ್ಕೂ, ಇನ್ನೊಂದು ಪಾಲು ಆಹಾರದ ಸರಪಣಿಗೂ ಸೇರಿತ್ತು.

ನಮ್ಮ ಕರಾವಳಿ

ಇದೆಲ್ಲ ದೂರದೇಶದ ಮಾತೆಂದು ಕುಳಿತಿರುವಂತಿಲ್ಲ. ೨೦೦೬ರ ಮೇ ೩೦ರಂದು ಓಷನ್ ಸೆರಾಯ ಎಂಬ ಹಡಗು ಕಾರವಾರದ ಹೊರಗಿನ ಬಂಡೆಗಳಿಗೆ ಸಿಕ್ಕಿ, ಅದರ ಉರುವಲೆಣ್ಣೆ ಕಾರವಾರ ಮತ್ತು ಗೋವೆಯ ತೀರಗಳ ಕಡೆಗೆ ಹರಡಿತು. ೨೦೨೫ರ ಮೇ ೨೫ರಂದು ಎಂ.ಎಸ್.ಸಿ. ಎಲ್ಸಾ ೩ ಎಂಬ ಸರಕಿನ ಹಡಗು ಕೇರಳದ ಕೊಚ್ಚಿಯ ಹೊರಗೆ ಮುಳುಗಿತು. ಕರಾವಳಿ ರಕ್ಷಣಾ ಪಡೆಯ ವಿಮಾನವು ಎಣ್ಣೆಯ ಮೇಲೆ ಪ್ರಸರಣಕಾರಿಯನ್ನು ಸಿಂಪಡಿಸಿತು.

ಎರಡೂ ಮೇ ತಿಂಗಳ ಕೊನೆಯ ದಿನಗಳು, ಮುಂಗಾರಿನ ಹೊಸ್ತಿಲು. ಪಶ್ಚಿಮ ಕರಾವಳಿಯಲ್ಲಿ ಇದು ಎಂಥ ಕಾಲವೆಂದು ಮೀನುಗಾರರಿಗೆ ಹೇಳಬೇಕಾದುದಿಲ್ಲ. ಮುಂಗಾರಿನಲ್ಲಿ ಆಳದ ತಣ್ಣೀರು ಗೊಬ್ಬರದಂಶವನ್ನು ಹೊತ್ತು ಮೇಲೇರುತ್ತದೆ. ಡಯಾಟಮ್‌ಗಳು ಕೋಟಿ ಕೋಟಿಯಾಗಿ ಅರಳುತ್ತವೆ. ಕಾರವಾರದವರು ತಾರ್ಲೆಯೆಂದೂ ಮಂಗಳೂರಿನವರು ಬೂತಾಯಿಯೆಂದೂ ಕರೆಯುವ ಮೀನು ಮೊಟ್ಟೆಯಿಡುವುದು ಈ ಕಾಲದಲ್ಲಿಯೇ. ಅದರ ಆಹಾರದಲ್ಲಿ ಡಯಾಟಮ್‌ಗಳೇ ಪ್ರಧಾನ; ಬಂಗಡೆಯೂ ಪ್ಲವಕಗಳನ್ನೇ ನಂಬಿದುದು. ಅಂದರೆ ನಮ್ಮ ತೀರದಲ್ಲಿ ಪ್ಲವಕಕ್ಕೂ ಬಡವನ ಊಟಕ್ಕೂ ನಡುವೆ ಇರುವುದು ಒಂದೆರಡು ಮೆಟ್ಟಿಲು ಮಾತ್ರ. ಮುಂಗಾರಿನ ಅಲೆ ಎಣ್ಣೆಯನ್ನು ಬೇಗ ಚೆದುರಿಸುತ್ತದೆಂಬುದು ಸಮಾಧಾನದ ಮಾತು. ಚೆದುರಿದ ಎಣ್ಣೆ ಇಳಿಯುವುದು ಮೊಟ್ಟೆಮರಿಗಳು ತುಂಬಿದ ನೀರಿಗೇ ಎಂಬುದು ಅದರ ಮಗ್ಗುಲಿನ ಮಾತು.

ಉಪಸಂಹಾರ

ಹಾಗಾದರೆ ಪ್ರಸರಣಕಾರಿಯನ್ನು ಬಳಸಲೇಬಾರದೆ? ಹಾಗೆಂದು ಹೇಳುವುದು ಸರಿಯಲ್ಲ. ಎಣ್ಣೆ ದಡ ಸೇರಿದರೆ ಕಾಂಡ್ಲಾಕಾಡು, ಅಳಿವೆ, ಚಿಪ್ಪಿನ ನೆಲೆಗಳು ವರ್ಷಗಟ್ಟಲೆ ನರಳುತ್ತವೆ. ಆಳವಾದ, ಹರಿವುಳ್ಳ ತೆರೆದ ಕಡಲಿನಲ್ಲಿ ಕೆಲವು ದಿನಗಳ ಪ್ಲವಕಹಾನಿಯನ್ನು ಸಹಿಸಿ ದಡವನ್ನು ಉಳಿಸುವುದು ಬುದ್ಧಿವಂತಿಕೆಯೇ ಆದೀತು. ಅದೇ ದ್ರವ್ಯವನ್ನು ಆಳವಿಲ್ಲದ ಕೊಲ್ಲಿಯಲ್ಲಿ, ಮೀನಿನ ಮರಿಗಳ ತೊಟ್ಟಿಲಿನಲ್ಲಿ ಸುರಿಯುವುದು ಅವಿವೇಕ. ತೇಲುತಡೆಗಳಿಂದ ಸುತ್ತುಗಟ್ಟಿ ಎಣ್ಣೆಯನ್ನು ಬಳಿದು ತೆಗೆಯಲು ಸಾಧ್ಯವಾದಲ್ಲಿ ಅದೇ ಮೇಲು. ಏಕೆಂದರೆ ನೀರಿನಿಂದ ಎಣ್ಣೆ ನಿಜವಾಗಿ ಹೊರಗೆ ಬರುವುದು ಆ ಬಗೆಯಿಂದ. ಸ್ಥಳ, ಋತು, ಆಳ ಈ ಮೂರನ್ನೂ ನೋಡಿ ನಿರ್ಧರಿಸಬೇಕು. ದಂಡೆ ಬೆಳ್ಳಗಾಯಿತೆಂಬುದೊಂದೇ ಗೆಲುವಿನ ಗುರುತಾಗಬಾರದು.

ಇಂಥ ನಿರ್ಧಾರಕ್ಕೆ ಮೊದಲೇ ಕೂಡಿಟ್ಟ ತಿಳಿವಳಿಕೆ ಬೇಕು. ಅಟ್ಲಾಂಟಿಕ್ ಸಾಗರದಲ್ಲಿಯೂ ಉತ್ತರ ಸಮುದ್ರದಲ್ಲಿಯೂ, ಅಲಿಸ್ಟರ್ ಹಾರ್ಡಿ ಎಂಬ ವಿಜ್ಞಾನಿಯು ರೂಪಿಸಿದ ಯಂತ್ರವನ್ನು ವ್ಯಾಪಾರದ ಹಡಗುಗಳ ಹಿಂದೆ ಎಳೆಸಿ ಪ್ಲವಕಗಳನ್ನು ಎಣಿಸುವ ಕಾರ್ಯ ೧೯೩೧ರಿಂದ ನಡೆದುಬಂದಿದೆ. ನಮ್ಮ ತೀರದ ಪ್ರತಿಯೊಂದು ಕೊಲ್ಲಿಗೂ ಅಳಿವೆಗೂ ಇಂಥ ದೀರ್ಘಕಾಲದ ಲೆಕ್ಕ ಇರಬೇಕಾದುದು ಅವಶ್ಯ. ಅನಾಹುತವಾದ ಮೇಲೆ ಎಣಿಸಹೊರಟರೆ ಉಳಿದವನ್ನು ಎಣಿಸಬಹುದು. ಹೋದುದೆಷ್ಟೆಂದು ಹೇಳಬೇಕಾದರೆ ಮೊದಲೇ ಎಣಿಸಿಟ್ಟಿರಬೇಕು. ಒಂದು ಸಣ್ಣ ಬಲೆ, ಒಂದು ಸೂಕ್ಷ್ಮದರ್ಶಕ, ತಿಂಗಳಿಗೊಮ್ಮೆ ದೋಣಿಯಲ್ಲಿ ಹೋಗಿಬರುವ ತಾಳ್ಮೆ, ಇಷ್ಟಿದ್ದರೆ ಕರಾವಳಿಯ ಕಾಲೇಜುಗಳ ವಿದ್ಯಾರ್ಥಿಗಳೂ ಈ ಕೆಲಸದಲ್ಲಿ ಕೈಜೋಡಿಸಬಹುದು. ತಾರ್ಲೆಯ ಬಲೆ ಬರಿದಾದ ವರ್ಷ, ಕಾರಣವೇನೆಂದು ಮೀನುಗಾರನು ಕೇಳಿದಾಗ ಊಹೆಯ ಬದಲು ಲೆಕ್ಕವನ್ನು ಅವನ ಮುಂದಿಡಲು ಆಗ ಸಾಧ್ಯವಾದೀತು.